ಸಾಕು ಗಿಳಿಗಳ ರೆಕ್ಕೆ ಕತ್ತರಿಸುವಿಕೆ ಮತ್ತು ಹಾರಾಟದ ಸುರಕ್ಷತೆ: ಸಾರ್ವಜನಿಕ ಮಾಹಿತಿ

ಬಾಗಲಕೋಟೆ ಜಿಲ್ಲೆಯ ರನ್ನ ಬೆಳಗಲಿಯ ಸುತ್ತಲಿನ ಹೊಲಗಳಲ್ಲಿ ಜೋಳ, ಗೋವಿನಜೋಳದ ತೆನೆಗಳಿಗೆ ಎರಗುವ ಹಸಿರು ಗಿಳಿಯು ಸಾಕುಪಕ್ಷಿಯಲ್ಲ. ಅದು 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ 2ನೇ ಅನುಸೂಚಿಯಲ್ಲಿ ಸೇರಿದೆ. ಮರಿಯಿಂದಲೇ ಸಾಕಿದ್ದರೂ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ.

ಇಂತಹ ಗಿಳಿಯು ಈಗಾಗಲೇ ಮನೆಯಲ್ಲಿದ್ದು, ಅದರ ರೆಕ್ಕೆ ಕತ್ತರಿಸಿದ್ದಲ್ಲಿ, ದಂಡಕ್ಕೆ ಅಂಜಿ ಪಂಜರ ತೆರೆದು ಬಿಟ್ಟುಬಿಡತಕ್ಕದ್ದಲ್ಲ. ಕತ್ತರಿಸಿದ ಗರಿಯು ಮತ್ತೆ ಬೆಳೆಯುವುದಿಲ್ಲ. ಅದರ ಬುಡ ಉದುರಿದ ನಂತರವೇ ಹೊಸ ಗರಿ ಬರುತ್ತದೆ. ಇದಕ್ಕೆ ಹಲವು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಹಾರಲಾಗದ ಪಕ್ಷಿಯು ಬೆಕ್ಕು, ನಾಯಿ, ಕಾಗೆಗಳ ಪಾಲಾಗುತ್ತದೆ. ಆದುದರಿಂದ ಅದನ್ನು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಒಪ್ಪಿಸುವುದು ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು.

ವಿದೇಶಿ ಗಿಳಿಗಳ ವಿಷಯ ಬೇರೆ. ಆಫ್ರಿಕನ್ ಗ್ರೇ, ಮಕಾವ್ ಮುಂತಾದವುಗಳನ್ನು 2024ರ ನಿಯಮಗಳನ್ವಯ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು. ಪೇಟೆಯಲ್ಲಿ ಲವ್ ಬರ್ಡ್ಸ್ ಎಂದೇ ಮಾರಾಟವಾಗುವ ಬಜರಿಗರ್ ಹಾಗೂ ಕಾಕಟೀಲ್‌ಗಳಿಗೆ ಈ ನೋಂದಣಿ ಬೇಕಿಲ್ಲ.

ಇವುಗಳ ರೆಕ್ಕೆಯನ್ನು ಕತ್ತರಿಸಲೇಬೇಕೆಂಬುದು ತಪ್ಪು ತಿಳಿವಳಿಕೆ. ಕತ್ತರಿಸಿದ ಪಕ್ಷಿಯೂ ಗಾಳಿಯ ರಭಸಕ್ಕೆ ಮಾಳಿಗೆಯಿಂದ ತೇಲಿಹೋಗಬಲ್ಲದು. ಅತಿಯಾಗಿ ಕತ್ತರಿಸಿದ್ದಲ್ಲಿ ನೆಲಕ್ಕೆ ಬಿದ್ದು ಎದೆಮೂಳೆಗೆ ಪೆಟ್ಟಾಗುತ್ತದೆ. ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತವಿರುವುದರಿಂದ ಅದಕ್ಕೆ ಕತ್ತರಿ ತಾಗಿದರೆ ರಕ್ತಸ್ರಾವವಾಗುತ್ತದೆ. ಅನಿವಾರ್ಯವಾದಲ್ಲಿ ಪಶುವೈದ್ಯರಿಂದಲೇ, ಎರಡೂ ರೆಕ್ಕೆಗಳ ಹೊರಗರಿಗಳನ್ನು ಮಾತ್ರ ಸಮನಾಗಿ ಕತ್ತರಿಸಿಸತಕ್ಕದ್ದು. ಪಕ್ಷಿಯನ್ನು ಪಂಜರದಿಂದ ಬಿಡುವ ಮುನ್ನ ಫ್ಯಾನು ನಿಲ್ಲಿಸಿ, ಕಿಟಕಿಗೆ ಜಾಲರಿ ಹಾಕಿ, ಕನ್ನಡಿಗೆ ಬಟ್ಟೆ ಮುಚ್ಚಿ, ಒಲೆಯ ಮೇಲೆ ಎಣ್ಣೆ ಕಾಯುತ್ತಿದ್ದರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುವುದು.