ಬರ್ಕ್ಲಿಯಲ್ಲಿ ಮೆಡಿಕಲ್ ಕಾಲೇಜು ಯಾಕಿಲ್ಲ?

ಸಾಂಟಾ ಕ್ಲಾರಾ, ಫ್ರೀಮಾಂಟ್ ಕಡೆಯ ಕನ್ನಡಿಗರ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಒಂದು ವಾದ ಶುರುವಾಗುತ್ತದೆ. ಮಗಳಿಗೆ ಎರಡೂ ಕಡೆ ಸೀಟು ಸಿಕ್ಕಿದೆ, ಡಾಕ್ಟರ್ ಆಗಬೇಕೆಂಬ ಆಸೆ, ಮೇ 1ರೊಳಗೆ ಒಪ್ಪಿಗೆ ತಿಳಿಸಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣವೋ, ಲಾಸ್ ಏಂಜಲೀಸ್‌ನ ಯುಸಿಎಲ್‌ಎಯೋ? ಯಾರಾದರೂ ಒಬ್ಬ ಹಿರಿಯರು ತೀರ್ಪು ಕೊಟ್ಟೇ ಬಿಡುತ್ತಾರೆ: ಯುಸಿಎಲ್‌ಎ ಆವರಣದಲ್ಲೇ ಆಸ್ಪತ್ರೆ ಇದೆ, ಬರ್ಕ್ಲಿಯಲ್ಲಿ ಮೆಡಿಕಲ್ ಕಾಲೇಜೇ ಇಲ್ಲ, ಇನ್ನು ಯೋಚಿಸುವುದೇನು?

ಇಲ್ಲದಿರುವುದು ನಿಜ. ಆದರೆ ಅದು ಯಾಕಿಲ್ಲ ಎಂಬುದಕ್ಕೆ ನೂರೈವತ್ತು ವರ್ಷಗಳ ಕಥೆಯಿದೆ.

ಚಿನ್ನದ ಬೇಟೆಯ ಕಾಲದಲ್ಲಿ ಸೌತ್ ಕ್ಯಾರೊಲಿನಾದಿಂದ ಬಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆನಿಂತ ಶಸ್ತ್ರವೈದ್ಯ ಹ್ಯೂ ಟೋಲಂಡ್, 1864ರಲ್ಲಿ ತನ್ನ ಹೆಸರಿನಲ್ಲೇ ಒಂದು ವೈದ್ಯಕೀಯ ಕಾಲೇಜು ತೆರೆದ. ನಾಲ್ಕು ವರ್ಷಗಳ ನಂತರ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಹುಟ್ಟಿತು. 1873ರಲ್ಲಿ ವಿಶ್ವವಿದ್ಯಾಲಯ ಓಕ್‌ಲಂಡ್ ಬಿಟ್ಟು ಬರ್ಕ್ಲಿಗೆ ಹೋಯಿತು. ಅದೇ ವರ್ಷ ಟೋಲಂಡ್ ತನ್ನ ಕಾಲೇಜನ್ನು ಅದಕ್ಕೆ ಒಪ್ಪಿಸಿದ. ರೋಗಿಗಳು ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಆದ್ದರಿಂದ ವೈದ್ಯಕೀಯ ವಿಭಾಗ ಅಲ್ಲೇ ಉಳಿಯಿತು. ನಡುವೆ ಕೊಲ್ಲಿ. 1936ರಲ್ಲಿ ಬೇ ಬ್ರಿಜ್ ತೆರೆಯುವವರೆಗೂ ಆ ಕಡೆ ಹೋಗಬೇಕಾದರೆ ದೋಣಿಯೇ ಗತಿ.

ಹೀಗೆ ನಡೆದಿದ್ದನ್ನು 1906ರ ಏಪ್ರಿಲ್ 18ರ ಬೆಳಗಿನ ಭೂಕಂಪ ತಲೆಕೆಳಗು ಮಾಡಿತು. ಊರು ಸುಟ್ಟುಹೋಗಿ, ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಸಂತ್ರಸ್ತರ ಡೇರೆಗಳು ಎದ್ದವು. ಪಾರ್ಕಿನ ಪಕ್ಕದ ಪಾರ್ನಸಸ್ ಗುಡ್ಡದ ಮೇಲಿದ್ದ ವೈದ್ಯಕೀಯ ವಿಭಾಗದ ಕಟ್ಟಡ ಆಸ್ಪತ್ರೆಯಾಗಬೇಕಾಯಿತು. ಹೀಗಾಗಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂಥ ವಿಭಾಗಗಳು ಕೊಲ್ಲಿ ದಾಟಿ ಬರ್ಕ್ಲಿಗೆ ಬಂದವು. ತಾತ್ಕಾಲಿಕ ಏರ್ಪಾಡು ಎಂದುಕೊಂಡಿದ್ದರೋ ಏನೋ, ಅದು ಅರ್ಧ ಶತಮಾನ ನಡೆಯಿತು. ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿತದ್ದು ಬರ್ಕ್ಲಿಯಲ್ಲಿ, ರೋಗಿಯ ನಾಡಿ ಹಿಡಿದದ್ದು ಆಚೆ ದಡದಲ್ಲಿ.

ಆ ದಿನಗಳ ಬರ್ಕ್ಲಿ ಎಂಥದ್ದೆಂದು ತಿಳಿಯಲು ಹರ್ಬರ್ಟ್ ಇವಾನ್ಸ್‌ನ ಪ್ರಯೋಗಶಾಲೆಯ ಇಲಿಗಳನ್ನು ನೋಡಬೇಕು. ಅಂಗರಚನಾಶಾಸ್ತ್ರದ ಈ ಪ್ರೊಫೆಸರ್ ಮತ್ತು ವೈದ್ಯೆ ಕ್ಯಾಥರಿನ್ ಬಿಷಪ್ ಇಲಿಗಳಿಗೆ ಹಂದಿಕೊಬ್ಬು, ಪಿಷ್ಟ, ಹಾಲಿನ ಪ್ರೋಟೀನು ಬೆರೆಸಿದ ಆಹಾರ ಕೊಡುತ್ತಿದ್ದರು. ಇಲಿಗಳು ದಷ್ಟಪುಷ್ಟವಾಗಿ ಬೆಳೆದವು, ಗರ್ಭವೂ ನಿಂತಿತು, ಆದರೆ ಮರಿ ಹುಟ್ಟಲಿಲ್ಲ. ಭ್ರೂಣ ಒಳಗೇ ಕರಗಿಹೋಗುತ್ತಿತ್ತು. ತಟ್ಟೆಗೆ ಹಸಿ ಲೆಟ್ಯೂಸ್ ಎಲೆ ಬಿದ್ದಮೇಲೆ ಮರಿಗಳು ಹುಟ್ಟಿದವು. ಆಮೇಲೆ ಗೋಧಿಯ ಮೊಳಕೆಭಾಗವೂ ಅದೇ ಕೆಲಸ ಮಾಡಿತು. 1922ರಲ್ಲಿ ಜಗತ್ತಿಗೆ ತಿಳಿದ ಆ ಅಂಶವೇ ವಿಟಮಿನ್ ಇ. ಅದು ಪತ್ತೆಯಾದದ್ದು ಇಂದು ಮೆಡಿಕಲ್ ಕಾಲೇಜೇ ಇಲ್ಲದ ಆವರಣದಲ್ಲಿ! 1958ರಲ್ಲಿ ವೈದ್ಯಕೀಯದ ಮೂಲವಿಜ್ಞಾನ ವಿಭಾಗಗಳು ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿದವು. ವಿಶ್ವವಿದ್ಯಾಲಯದ ಇಂದಿನ ಸ್ಯಾನ್ ಫ್ರಾನ್ಸಿಸ್ಕೊ ಆವರಣ, ಅಂದರೆ ಯುಸಿಎಸ್‌ಎಫ್, ಅದೇ ಮನೆತನದ್ದು.

ದಕ್ಷಿಣದ ಕಥೆ ಬೇರೆ. 1919ರಲ್ಲಿ ಲಾಸ್ ಏಂಜಲೀಸ್‌ನ ಶಿಕ್ಷಕರ ತರಬೇತಿ ಶಾಲೆಯೊಂದನ್ನು ವಿಶ್ವವಿದ್ಯಾಲಯದ 'ದಕ್ಷಿಣ ಶಾಖೆ' ಎಂದು ಕರೆದರು. ಅದೇ ಇಂದಿನ ಯುಸಿಎಲ್‌ಎ. ಹೆಸರೇ ಹೇಳುವಂತೆ ಆಗ ಅದು ಬರ್ಕ್ಲಿಯ ಬಾಲಂಗೋಚಿ. ವೆಸ್ಟ್‌ವುಡ್‌ನ ಈಗಿನ ಜಾಗಕ್ಕೆ ಬಂದದ್ದು 1929ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಗಳು ಜನರನ್ನು ಸೆಳೆದು ಊರು ಉಬ್ಬಿತು. ಇಷ್ಟಾದರೂ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. ಯುದ್ಧ ಮುಗಿಯುತ್ತಿದ್ದಂತೆ ಯುಸಿಎಲ್‌ಎಗೆ ಅದರ ಮಂಜೂರಾತಿ ಸಿಕ್ಕಿತು. ಮೊದಲ ಡೀನ್ ಆಗಿ ಬಂದವರು ಅಣುಬಾಂಬ್ ಯೋಜನೆಯ ವೈದ್ಯಕೀಯ ವಿಭಾಗದ ಮುಖ್ಯಸ್ಥರಾಗಿದ್ದ ಸ್ಟಾಫರ್ಡ್ ವಾರನ್. 1951ರಲ್ಲಿ ಪಾಠ ಶುರುವಾದಾಗ ವಿದ್ಯಾರ್ಥಿಗಳು 28 ಜನ, ಅವರಲ್ಲಿ ಇಬ್ಬರು ಹೆಂಗಸರು. ಸ್ವಂತ ಕಟ್ಟಡವಿಲ್ಲದೆ ಧಾರ್ಮಿಕ ಸಂಸ್ಥೆಯೊಂದರ ಕೋಣೆಯಲ್ಲಿ ಕೂತರು. ಆಸ್ಪತ್ರೆ ತೆರೆದದ್ದು 1955ರಲ್ಲಿ. ಏಡ್ಸ್ ಎಂದು ಮುಂದೆ ಹೆಸರಾದ ಕಾಯಿಲೆಯ ಐದು ಪ್ರಕರಣಗಳ ಮೊದಲ ವರದಿ 1981ರ ಜೂನ್‌ನಲ್ಲಿ ಪ್ರಕಟವಾಯಿತಲ್ಲ, ಅದರ ಹಿಂದಿದ್ದವರು ಯುಸಿಎಲ್‌ಎಯ ಮೈಕೆಲ್ ಗಾಟ್ಲೀಬ್ ಮತ್ತು ಜೊತೆಗಾರರು.

ಹಾಗಾದರೆ ಹಿರಿಯರ ಮಾತು ಸರಿಯೇ? ಅಷ್ಟು ಸುಲಭವಲ್ಲ. ದ್ವಿತೀಯ ಪಿಯುಸಿ ಮುಗಿಸಿ ನೀಟ್ ಬರೆದು ನೇರ ಎಂಬಿಬಿಎಸ್‌ಗೆ ಹೋಗುವ ನಮ್ಮ ಪದ್ಧತಿ ಅಲ್ಲಿಲ್ಲ. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ, ಮೊದಲು ಪದವಿ ಮುಗಿಸಿ ಬನ್ನಿ ಎಂದಿತು. ಇಷ್ಟು ಬಿಗಿಯಾದರೆ ನಮಗೇ ಪ್ರವೇಶ ಸಿಗುತ್ತಿರಲಿಲ್ಲ, ಪ್ರೊಫೆಸರಾಗಿ ಒಳಗೆ ಬಂದದ್ದೇ ಪುಣ್ಯ ಎಂಬರ್ಥದಲ್ಲಿ ಅಲ್ಲಿನ ಪ್ರೊಫೆಸರ್ ವಿಲಿಯಂ ಆಸ್ಲರ್ ನಕ್ಕಿದ್ದರಂತೆ. 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ಬಂದು ಬರೆದ ಕಟು ವರದಿ ಅದೇ ದಾರಿಗೆ ಒತ್ತಾಸೆಯಾಯಿತು. ಅಲ್ಲಿಂದ ಮುಂದೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ ಎಲ್ಲ ಕಡೆಯೂ ಕಡ್ಡಾಯದಂತಾದವು. 1920ರ ದಶಕದ ಕೊನೆಗೆ ಬಂದ ಪ್ರವೇಶ ಪರೀಕ್ಷೆಯೇ ಬೆಳೆದು ಎಂಕ್ಯಾಟ್ ಆಯಿತು. 'ಪ್ರಿ-ಮೆಡ್' ಎಂಬ ಪದವಿ ಬರ್ಕ್ಲಿಯಲ್ಲೂ ಇಲ್ಲ, ಯುಸಿಎಲ್‌ಎಯಲ್ಲೂ ಇಲ್ಲ. ಇತಿಹಾಸ ಓದಿದರೂ ಸರಿ, ಆ ವಿಜ್ಞಾನದ ಪಾಠಗಳನ್ನು ಮುಗಿಸಿರಬೇಕು, ಅಂಕ ಚೆನ್ನಾಗಿರಬೇಕು.

ಆ ಪಾಠಗಳು ನಡೆಯುವ ಜಾಗ ನೋಡಿ. ಬರ್ಕ್ಲಿಯ ಪಿಮೆಂಟಲ್ ಹಾಲ್, 1964ರ ಕಟ್ಟಡ, ಐನೂರಕ್ಕೂ ಹೆಚ್ಚು ಆಸನ. ಅದರ ವೇದಿಕೆ ನಾಟಕ ಕಂಪನಿಯ ರಂಗದಂತೆ ತಿರುಗುತ್ತದೆ: ಮೂರು ಭಾಗಗಳಲ್ಲಿ ಒಂದು ವಿದ್ಯಾರ್ಥಿಗಳ ಮುಂದೆ, ಉಳಿದವುಗಳಲ್ಲಿ ಹಿಂದುಗಡೆ ಮುಂದಿನ ತರಗತಿಯ ಪ್ರಾತ್ಯಕ್ಷಿಕೆಗೆ ಫ್ಲಾಸ್ಕು, ನಳಿಕೆಗಳ ಜೋಡಣೆ. ಒಂದು ತಂಡ ಏಳುವುದೇ ತಡ, ವೇದಿಕೆ ತಿರುಗಿ ಇನ್ನೊಂದು ಪಾಠ ಸಿದ್ಧ. ಯುಸಿಎಲ್‌ಎಯಲ್ಲೂ ರಸಾಯನಶಾಸ್ತ್ರದ ತರಗತಿಗಳಲ್ಲಿ ಇಂಥದ್ದೇ ಜನಜಂಗುಳಿ.

ವ್ಯತ್ಯಾಸ ಇರುವುದು ಕ್ಯಾಲೆಂಡರಿನಲ್ಲಿ. ವಿದ್ಯಾರ್ಥಿಗಳ ಮಹಾಪೂರವನ್ನು ವರ್ಷವಿಡೀ ನಿಭಾಯಿಸಲು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1966ರಲ್ಲಿ ಕ್ವಾರ್ಟರ್ ಪದ್ಧತಿಗೆ ಹೋಯಿತು. ಬರ್ಕ್ಲಿ 1983ರಲ್ಲಿ ಸೆಮಿಸ್ಟರ್‌ಗೆ ವಾಪಸಾಯಿತು, ಯುಸಿಎಲ್‌ಎ ಆಗಲಿಲ್ಲ. ಹಾಗಾಗಿ ಯುಸಿಎಲ್‌ಎಯಲ್ಲಿ ಒಂದು ಕೋರ್ಸಿಗೆ ಹತ್ತೇ ವಾರ. ಪಾಠ ತಲೆಗೆ ಹತ್ತುವಷ್ಟರಲ್ಲಿ ಮೊದಲ ಪರೀಕ್ಷೆ ಬಂದಿರುತ್ತದೆ. ಬರ್ಕ್ಲಿಯಲ್ಲಿ ಸುಮಾರು ಹದಿನೈದು ವಾರ. ಎಡವಿದರೆ ಸುಧಾರಿಸಿಕೊಳ್ಳಲು ಸಮಯವುಂಟು, ಆದರೆ ಕೆಟ್ಟ ಮೇಷ್ಟರು ಸಿಕ್ಕರೆ ಅಷ್ಟೂ ವಾರ ಸಹಿಸಬೇಕು. ಅಂಕದ ಮೇಲೇ ಭವಿಷ್ಯ ನಿಂತಿರುವ ಹುಡುಗಿಗೆ ಆಸ್ಪತ್ರೆಯ ದೂರಕ್ಕಿಂತ ಇದು ದೊಡ್ಡ ವಿಷಯ. ಏಪ್ರಿಲ್‌ನಲ್ಲಿ ಆವರಣ ನೋಡಲು ಹೋಗುವ ಅಪ್ಪ ಅಮ್ಮಂದಿರು ಆಸ್ಪತ್ರೆಯ ಮುಂದೆ ಫೋಟೊ ತೆಗೆಸಿಕೊಳ್ಳಲಿ, ಬೇಡವೆನ್ನುವವರು ಯಾರು. ಆದರೆ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ನಿಲ್ಲಿಸಿ, ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೊದಲ ಪರೀಕ್ಷೆ ಯಾವ ವಾರ ಬರುತ್ತದೆ, ಅದರಲ್ಲಿ ಜಾರಿದವರಿಗೆ ಯಾರು ಹೇಳಿಕೊಡುತ್ತಾರೆ ಎಂದು ಕೇಳಿಯೇ ಬರಲಿ.