ಯಹೂದಿ ಸ್ಮಶಾನಗಳ ದಾಖಲೀಕರಣ

ಯಹೂದಿ ಸ್ಮಶಾನಗಳ ದಾಖಲೀಕರಣ ಎಂದರೆ ಹಳೆಯ ಯಹೂದಿ ಸಮಾಧಿಶಿಲೆಗಳನ್ನು ಛಾಯಾಚಿತ್ರ, ನಕ್ಷೆ ಹಾಗೂ ಬರಹಗಳ ಪಾಠದ ಮೂಲಕ ಕ್ರಮಬದ್ಧವಾಗಿ ದಾಖಲಿಸುವ ಕಾರ್ಯ. ವಂಶಾವಳಿ ಸಂಶೋಧನೆಗೆ ಇದು ಮುಖ್ಯ ಆಕರವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಅನೇಕ ಊರುಗಳ ಯಹೂದಿ ಸಮುದಾಯಗಳೊಂದಿಗೆ ಅವರ ದಾಖಲೆಪುಸ್ತಕಗಳೂ ನಾಶವಾದುದರಿಂದ, ಎಷ್ಟೋ ಕುಟುಂಬಗಳ ಪೂರ್ವಜರ ಹೆಸರು ಕಲ್ಲಿನ ಮೇಲೆ ಮಾತ್ರ ಉಳಿದಿದೆ.

ಹಿನ್ನೆಲೆ

ಯಹೂದಿ ಧರ್ಮಶಾಸ್ತ್ರದ ಪ್ರಕಾರ ಸಮಾಧಿಯು ಶಾಶ್ವತ. ವಿಶೇಷ ಕಾರಣವಿಲ್ಲದೆ ಅದನ್ನು ಕದಲಿಸುವಂತಿಲ್ಲ. ಸ್ಮಶಾನಕ್ಕೆ ಹೀಬ್ರೂ ಭಾಷೆಯಲ್ಲಿ 'ಬೇತ್ ಓಲಾಮ್', ಅಂದರೆ ಶಾಶ್ವತ ನಿವಾಸ, ಎಂಬ ಹೆಸರಿದೆ. ಜರ್ಮನಿಯ ವರ್ಮ್ಸ್ ನಗರದ ಸ್ಮಶಾನದಲ್ಲಿ 11ನೆಯ ಶತಮಾನದ ಶಿಲೆಗಳು ಇಂದಿಗೂ ಉಳಿದಿವೆ. ಪ್ರಾಗ್ ನಗರದ ಹಳೆಯ ಸ್ಮಶಾನದಲ್ಲಿ 1439ರಿಂದ 1787ರವರೆಗಿನ ಸುಮಾರು 12,000 ಶಿಲೆಗಳಿವೆ. ಆದರೆ ನಾಜಿ ಆಡಳಿತದಲ್ಲಿ ಅನೇಕ ಕಡೆ ಸಮಾಧಿಶಿಲೆಗಳನ್ನು ಕಿತ್ತು ರಸ್ತೆಗೆ ಹಾಸಲಾಯಿತು. ಉಳಿದವುಗಳನ್ನು ಮಳೆ, ಪಾಚಿ ಮತ್ತು ಮರದ ಬೇರುಗಳು ಸವೆಸುತ್ತಿವೆ.

ಬರಹದ ಓದು

ಶಿಲೆಯ ಮೇಲೆ ಮೃತರ ಹೆಸರಿನೊಂದಿಗೆ ತಂದೆಯ ಹೆಸರನ್ನೂ ಬರೆಯುವುದು ವಾಡಿಕೆ. 'ಬೆನ್' ಎಂದರೆ ಮಗ, 'ಬತ್' ಎಂದರೆ ಮಗಳು. ಹೀಗೆ ಒಂದೇ ಕಲ್ಲು ಎರಡು ತಲೆಮಾರುಗಳನ್ನು ಜೋಡಿಸುತ್ತದೆ. ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್ 1787ರಲ್ಲಿ ಕುಟುಂಬನಾಮವನ್ನು ಕಡ್ಡಾಯಗೊಳಿಸಿದನು. ಅದಕ್ಕೂ ಮೊದಲು ಮಧ್ಯ ಯೂರೋಪಿನ ಬಹುಪಾಲು ಯಹೂದಿಗಳಿಗೆ ಸ್ಥಿರವಾದ ಕುಟುಂಬನಾಮವಿರಲಿಲ್ಲವಾದ್ದರಿಂದ ತಂದೆಯ ಹೆಸರೇ ಸಂಶೋಧಕರಿಗೆ ಆಧಾರ.

ಕೆತ್ತನೆಯ ಚಿಹ್ನೆಗಳೂ ಅರ್ಥಪೂರ್ಣವಾಗಿವೆ. ಆಶೀರ್ವದಿಸುವ ಜೋಡಿ ಕೈಗಳು ಪುರೋಹಿತ ವಂಶವಾದ ಕೊಹೆನ್‌ರನ್ನೂ, ನೀರಿನ ಹೂಜಿಯು ಲೇವಿಯರನ್ನೂ ಸೂಚಿಸುತ್ತದೆ. ದೀಪಸ್ತಂಭವು ಸಾಮಾನ್ಯವಾಗಿ ಸ್ತ್ರೀಯರ ಸಮಾಧಿಗಳಲ್ಲಿ ಕಂಡುಬರುತ್ತದೆ.

ವರ್ಷವನ್ನು ಹೀಬ್ರೂ ಅಕ್ಷರಗಳ ಸಂಖ್ಯಾಮೌಲ್ಯದಿಂದ ಬರೆಯಲಾಗುತ್ತದೆ. ಸಾವಿರದ ಸ್ಥಾನವನ್ನು ಹೆಚ್ಚಾಗಿ ಬಿಡುತ್ತಾರೆ. ತಾವ್ (400), ರೇಶ್ (200), ಸಾಮೆಖ್ (60) ಎಂಬ ಅಕ್ಷರಗಳಿದ್ದರೆ ಮೊತ್ತ 660. ಇದಕ್ಕೆ 1240 ಕೂಡಿಸಿದರೆ ಕ್ರಿ.ಶ. 1900 ದೊರೆಯುತ್ತದೆ. ಹೀಬ್ರೂ ವರ್ಷವು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಆರಂಭವಾಗುವುದರಿಂದ, ಅಲ್ಲಿಂದ ಡಿಸೆಂಬರ್ ಅಂತ್ಯದವರೆಗಿನ ದಿನಾಂಕಗಳಿಗೆ 1239ನ್ನು ಕೂಡಿಸಬೇಕು. ಹೇ (5) ಮತ್ತು ಹೆತ್ (8) ಅಕ್ಷರಗಳಿಗೆ ರೂಪದಲ್ಲಿ ಅಲ್ಪ ವ್ಯತ್ಯಾಸವಿದ್ದು, ಸವೆದ ಕಲ್ಲಿನಲ್ಲಿ ಒಂದನ್ನು ಇನ್ನೊಂದಾಗಿ ಓದಿದರೆ ಮೂರು ವರ್ಷಗಳ ತಪ್ಪು ಉಂಟಾಗುತ್ತದೆ.

ದಾಖಲಿಸುವ ಕ್ರಮ

ಮೊದಲು ಸ್ಮಶಾನದ ನಕ್ಷೆಯನ್ನು ಸಿದ್ಧಪಡಿಸಿ ಪ್ರತಿ ಶಿಲೆಗೂ ಸಂಖ್ಯೆ ಕೊಡಲಾಗುತ್ತದೆ. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಅಕ್ಷರಗಳ ನೆರಳು ಮೂಡುವುದರಿಂದ ಚಿತ್ರಗಳನ್ನು ಆಗ ತೆಗೆಯುವುದು ಸೂಕ್ತ. ನೆರಳಿನಲ್ಲಿರುವ ಶಿಲೆಗೆ ಕನ್ನಡಿಯಿಂದ ಬಿಸಿಲನ್ನು ಹಾಯಿಸಬಹುದು. ಸೀಮೆಸುಣ್ಣ, ತಂತಿಯ ಬ್ರಷ್ ಮತ್ತು ರಾಸಾಯನಿಕಗಳು ಕಲ್ಲಿಗೆ ಹಾನಿಕರ. ಓದಲಾಗದ ಅಕ್ಷರವನ್ನು ಊಹಿಸಿ ತುಂಬದೆ ಖಾಲಿ ಬಿಡಬೇಕು. ಪಾಠದೊಂದಿಗೆ ಚಿತ್ರವನ್ನೂ ಉಳಿಸಿದರೆ ಮುಂದಿನವರು ಓದನ್ನು ಪರಿಶೀಲಿಸಿ ತಿದ್ದಲು ಸಾಧ್ಯ. ಶಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಈ ಕೆಲಸ ಮಾಡುವುದಿಲ್ಲ.

ಸಂಗ್ರಹಗಳು

ಜ್ಯೂಯಿಶ್‌ಜೆನ್ ಸಂಸ್ಥೆಯ ಜಾಗತಿಕ ಸಮಾಧಿ ದಾಖಲೆಸಂಗ್ರಹದಲ್ಲಿ ಹೆಸರಿನ ಮೂಲಕ ಹುಡುಕಬಹುದು. ಜರ್ಮನಿಯ ಸ್ಟೈನ್‌ಹೈಮ್ ಸಂಸ್ಥೆಯ 'ಎಪಿಡಾಟ್' ದತ್ತಸಂಗ್ರಹವು ಹೀಬ್ರೂ ಪಾಠವನ್ನು ಜರ್ಮನ್ ಅನುವಾದದೊಂದಿಗೆ ಒದಗಿಸುತ್ತದೆ.

ಭಾರತದಲ್ಲಿ

ಕೇರಳದ ಚೇಂದಮಂಗಲದಲ್ಲಿ ದೊರೆತ, 1269ರ ಸಾರಾ ಬತ್ ಇಸ್ರೇಲ್ ಎಂಬ ಮಹಿಳೆಯ ಶಿಲೆಯು ಭಾರತದ ಅತಿ ಹಳೆಯ ಹೀಬ್ರೂ ಸಮಾಧಿಶಿಲೆ ಎಂದು ಪ್ರಸಿದ್ಧವಾಗಿದೆ. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳ ಕುಟುಂಬನಾಮಗಳು ಮೂಲ ಗ್ರಾಮವನ್ನು ತಿಳಿಸುತ್ತವೆ. ಕೆಹಿಮ್‌ಕರ್ ಎಂದರೆ ಕೆಹಿಮ್ ಊರಿನವರು. ಬೆಂಗಳೂರಿನ ಮೈಸೂರು ರಸ್ತೆಯ ಯಹೂದಿ ಸ್ಮಶಾನಕ್ಕೆ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ 1904ರಲ್ಲಿ ಭೂಮಿಯನ್ನು ದಾನವಾಗಿ ನೀಡಿದರು. ಸಮುದಾಯ ಚಿಕ್ಕದಾಗಿರುವ ಇಂತಹ ಊರುಗಳಲ್ಲಿ ಶಿಲೆಗಳನ್ನು ಓದಬಲ್ಲವರು ಇರುವಾಗಲೇ ದಾಖಲಿಸುವುದು ಅಗತ್ಯ.