ಅಡಿಕೆ ತೋಟದ ಕೊಕ್ಕೋ, ಅಜ್ಜಿಯ ಕೆಂಡ

ಕಳೆದ ಮೇ ತಿಂಗಳಲ್ಲಿ ನನ್ನ ಮೊಮ್ಮಗಳಿಗೆ ಏಳು ವರ್ಷ ತುಂಬಿತು. ಮಗನ ಕೆಲಸ ಕೊಚ್ಚಿಯಲ್ಲಿ. ರಜೆಗೆಂದು ಅವಳು ಊರಿಗೆ ಬಂದಿದ್ದಳು. ಕೇಕಿಗೆ ಹೇಳಿಬರಲು ಪೇಟೆಯ ಬೇಕರಿಗೆ ಹೋದೆ. "ಪೇರ್ ಇಂಗ್ಲೀಷಿಲೋ ಮಲಯಾಳತ್ತಿಲೋ?" ಎಂದು ಹುಡುಗ ಕೇಳಿದ. "ಕನ್ನಡದಲ್ಲಿ" ಎಂದೆ. ಅವನು ನಕ್ಕು, "ಅಕ್ಷರಂ ಅರಿಯಿಲ್ಲಲ್ಲೋ ಮಾಷೇ" ಎಂದ. ಅವನದೇನೂ ತಪ್ಪಲ್ಲ. ಆದರೆ ನನಗೆ ಮನಸ್ಸು ಬಾರದೆ ಹಾಗೆಯೇ ಹಿಂತಿರುಗಿದೆ. ನನ್ನಾಕೆ ಕೇಳಿಸಿಕೊಂಡು, "ಅದಕ್ಕೇಕೆ ಬೇಸರ? ಮನೆಯಲ್ಲೇ ಮಾಡುವ. ಕೊಕ್ಕೋ ನಮ್ಮ ತೋಟದ್ದೇ ಉಂಟಲ್ಲ" ಎಂದಳು. ಆ ಮಾತಿನಿಂದ ಹಳೆಯದೆಲ್ಲ ನೆನಪಿಗೆ ಬಂತು.

ಕೊಕ್ಕೋ ನಮ್ಮ ಮಣ್ಣಿನ ಗಿಡವಲ್ಲ. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಮೆಕ್ಸಿಕೋದ ಜನ ಅದರ ಬೀಜವನ್ನು ಅರೆದು ಕುಡಿಯುತ್ತಿದ್ದರು, ನಾಣ್ಯದಂತೆಯೂ ಬಳಸುತ್ತಿದ್ದರು. ನಮ್ಮ ದೇಶಕ್ಕೆ ಅದನ್ನು ತಂದವರು ಈಸ್ಟ್ ಇಂಡಿಯಾ ಕಂಪನಿಯವರು. 1798ರಲ್ಲಿ ಕುತ್ತಾಲಂನಲ್ಲಿ ನೆಟ್ಟರು. ಆದರೂ ರೈತನ ಬೆಳೆಯಾಗಲು ಪೂರಾ 170 ವರ್ಷ ಬೇಕಾಯಿತು. 1970ರ ದಶಕದಲ್ಲಿ ಅಡಿಕೆ ಮತ್ತು ತೆಂಗಿನ ತೋಟಗಳ ನಡುವೆ ಕೊಕ್ಕೋ ನೆಡುವಂತೆ ಎಲ್ಲ ಕಡೆ ಪ್ರಚಾರವಾಯಿತು. ಕಾಸರಗೋಡಿನ ತೋಟಬೆಳೆ ಸಂಶೋಧನಾಲಯವೂ ಅದರ ವಿಟ್ಲದ ಕೇಂದ್ರವೂ ಸಸಿಗಳ ಬಗ್ಗೆ ಅಧ್ಯಯನ ನಡೆಸಿದವು. ಕೊಕ್ಕೋಗೆ ನೆರಳು ಬೇಕು, ಅಡಿಕೆ ತೋಟದಲ್ಲಿ ನೆರಳು ಇದ್ದೇ ಇದೆ. ನಮ್ಮ ತಂದೆಯವರೂ ನೆಟ್ಟರು. ಕಾಯಿ ಒಡೆದು ಬಿಳಿ ತಿರುಳನ್ನು ಚೀಪುವುದು ನಮಗೆ ಮಕ್ಕಳಿಗೆ ಹಬ್ಬ. ಅಳಿಲಿಗೂ ಹಬ್ಬ.

ಮುಂದೆ 1980ರ ಹೊತ್ತಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಬೆಳೆಸಾಲದ ಲೆಡ್ಜರು ನನ್ನ ಮೇಜಿನಲ್ಲೇ ಇತ್ತು. ಪರಿಚಯದ ಹಿರಿಯರು ಬಂದು, "ಈ ಸಲ ಬಡ್ಡಿ ಮಾತ್ರ ಕಟ್ಟುತ್ತೇನೆ ಮಗಾ" ಎನ್ನುವಾಗ ತಲೆಯೆತ್ತಿ ನೋಡಲು ಸಂಕೋಚವಾಗುತ್ತಿತ್ತು. ಎಷ್ಟೋ ತೋಟಗಳಲ್ಲಿ ಕೊಕ್ಕೋ ಗಿಡ ಕೊಡಲಿಗೆ ಬಲಿಯಾಯಿತು. ನಮ್ಮ ತಂದೆಯವರೂ ಕಡಿಸಿದರು. ತೋಡಿನ ಬದಿಯ ಹತ್ತು ಗಿಡಗಳನ್ನು ಮಾತ್ರ ಅಮ್ಮ ಹಠ ಹಿಡಿದು ಉಳಿಸಿಕೊಂಡರು.

ಆಗ ರೈತರ ಕೈ ಹಿಡಿದದ್ದು ಕ್ಯಾಂಪ್ಕೋ. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗಾಗಿ ಹುಟ್ಟಿದ ಸಹಕಾರ ಸಂಸ್ಥೆಯದು. ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರು ಅದರ ಸದಸ್ಯರು. ಅದು ಕೊಕ್ಕೋವನ್ನೂ ಕೊಳ್ಳಲು ಮುಂದಾಯಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅವರು ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆಯನ್ನು ಉದ್ಘಾಟಿಸಿದರು. 1956ರಲ್ಲಿ ಎಳೆದ ಗಡಿಗೆರೆ ತೋಟವನ್ನು ಆಚೆ ಈಚೆ ಮಾಡಿತ್ತು. ಕೊಕ್ಕೋ ಬೀಜ ಆ ಗೆರೆಯನ್ನು ಲೆಕ್ಕಿಸಲಿಲ್ಲ.

ಇನ್ನು ಕೇಕಿನ ಕಥೆ. ನಮ್ಮಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋದರೆ ಸಿಗುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ಬಿಸ್ಕತ್ತಿನ ಕೆಲಸ ಮಾಡುತ್ತಿದ್ದರು. 1883ರಲ್ಲಿ ಅಂಜರಕಂಡಿಯ ತೋಟದ ಬ್ರೌನ್ ದೊರೆ ಅವರಿಂದ ಕ್ರಿಸ್‌ಮಸ್ ಕೇಕು ಮಾಡಿಸಿದನಂತೆ. ಬ್ರಾಂದಿಯ ಬದಲು ಬಾಪು ಅವರು ಗೇರುಹಣ್ಣು, ಕದಳಿ ಬಾಳೆಹಣ್ಣುಗಳನ್ನು ಹುಳಿಯಿಸಿ ಹಾಕಿದರೆಂದು ಹೇಳುತ್ತಾರೆ. ಊರ ಹಣ್ಣು ಕೇಕಿಗೆ ಸೇರಿದ್ದು ಇಂದು ನಿನ್ನೆಯಲ್ಲ.

ಬೇಯಿಸುವ ಬಗೆಯೂ ನಮಗೆ ಹೊಸತಲ್ಲ. ತುಳುವರ ಗೆಂಡದಡ್ಯೆ, ಹವ್ಯಕರ ಕೆಂಡತ್ತಡ್ಯ ನೆನಪಿದೆಯೇ? ಅಕ್ಕಿ, ಬೆಲ್ಲ, ಕಾಯಿತುರಿಗೆ ಸೌತೆಯನ್ನೋ ಹಲಸಿನ ಹಣ್ಣನ್ನೋ ಸೇರಿಸಿ, ಬಾಳೆ ಎಲೆ ಹಾಸಿದ ಪಾತ್ರೆಗೆ ಹೊಯ್ದು, ಕೆಳಗೂ ಮುಚ್ಚಳದ ಮೇಲೂ ಕೆಂಡ ಇಡುತ್ತಿದ್ದರು. ಮೇಲೆ ಕೆಳಗೆ ಒಂದೇ ಸಮನಾದ ಒಣ ಶಾಖ. ಬೇಕರಿಯ ಒಲೆ ಮಾಡುವುದೂ ಅದನ್ನೇ.

ನಾವು ಮಾಡಿದ್ದು ಹೀಗೆ. ಬೀಜವನ್ನು ಬುಟ್ಟಿಯಲ್ಲಿ ಬಾಳೆ ಎಲೆ ಮುಚ್ಚಿ ಆರು ದಿನ ಹುಳಿ ಬರಿಸಿ, ನಡುನಡುವೆ ಮಗುಚಿ, ಆಮೇಲೆ ಚೆನ್ನಾಗಿ ಒಣಗಿಸಿ ಇಟ್ಟಿದ್ದೆವು. ಅದನ್ನು ಹುರಿದು, ಸಿಪ್ಪೆ ತೆಗೆದು ಅರೆದರೆ ಪುಡಿ ಆಗುವುದಿಲ್ಲ, ಅಂಟಾದ ಮುದ್ದೆ ಆಗುತ್ತದೆ. ಏಕೆಂದರೆ ಬೀಜದಲ್ಲಿ ಸುಮಾರು ಅರ್ಧ ಕೊಬ್ಬು. ಒತ್ತಿ ಕೊಬ್ಬು ತೆಗೆದು ಪುಡಿ ಮಾಡುವ ವಿದ್ಯೆ ಹಾಲೆಂಡಿನ ವ್ಯಾನ್ ಹೌಟನ್ ಮನೆತನದವರದು, 1828ರದು. ನಾವು ಮುದ್ದೆಯನ್ನೇ ಹಾಕಿ ಎಣ್ಣೆ ಕಡಿಮೆ ಮಾಡಿದೆವು. ಎರಡು ಲೋಟ ಮೈದಾ, ಒಂದೂಕಾಲು ಲೋಟ ಸಕ್ಕರೆ, ಒಂದು ಲೋಟ ಮೊಸರು, ಒಂದು ಚಮಚ ಅಡಿಗೆ ಸೋಡಾ, ಬೇಕಾದಷ್ಟು ಹಾಲು. ಮೊಸರಿನ ಹುಳಿಗೆ ಸೋಡಾ ಸೇರಿ ಗಾಳಿಗುಳ್ಳೆ ಏಳುತ್ತದೆ, ಕೇಕು ಉಬ್ಬುತ್ತದೆ. ಆದ್ದರಿಂದ ಕಲಸಿದ ಮೇಲೆ ಕಾಯಿಸಬಾರದು. ದಪ್ಪ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರೊಳಗೆ ಕೇಕಿನ ತಟ್ಟೆ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಹಸಿ ಹಣ್ಣನ್ನು ಹಿಟ್ಟಿಗೆ ಹಾಕಿದರೆ ನೀರು ಬಿಟ್ಟು ನಡು ಬೇಯುವುದಿಲ್ಲ. ಪೂರ್ತಿ ತಣಿದ ಮೇಲೆ ಮೇಲಿಂದ ಜೋಡಿಸಬೇಕು.

2024ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಫಸಲು ಕೆಟ್ಟು ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರು ದಾಟಿತು. ಕಡಿದವರು ಹಳಹಳಿಸಿದರು. ಅನಂತರ ಬೆಲೆ ಮತ್ತೆ ಇಳಿಯಿತು. ಲೆಡ್ಜರು ಬರೆದವನಾಗಿ ನಾನು ಹೇಳುವುದಿಷ್ಟೇ: ಏರಿದಾಗ ತೋಟವೆಲ್ಲ ನೆಡಬೇಡಿ, ಇಳಿದಾಗ ತೋಟವೆಲ್ಲ ಕಡಿಯಬೇಡಿ. ತೋಡಿನ ಬದಿಗೆ ಹತ್ತು ಗಿಡ ಇರಲಿ.

ಅಂದು ಸಂಜೆ ನನ್ನಾಕೆ ಮಾವಿನ ಹಣ್ಣನ್ನು ಎಳೆ ಎಳೆಯಾಗಿ ಕೊಯ್ದು ಕೇಕಿನ ಮೇಲೆ ಮೊಮ್ಮಗಳ ಹೆಸರು ಬರೆದಳು. ಒತ್ತಕ್ಷರ ಸ್ವಲ್ಪ ಓರೆಯಾಯಿತು. ಮಗು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅಜ್ಜೀ, ಇದು ನಾನೇ!" ಎಂದಳು. ಮೊದಲ ತುಂಡಿನಲ್ಲೇ ಒತ್ತಕ್ಷರವನ್ನು ತಿಂದುಬಿಟ್ಟಳು.